ಬಾವಿಯಲ್ಲಿ ನಿಲ್ಲದ ಸಣ್ಣಪ್ಪ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಕೇಳಬೇಡಿ. ಹೇಳಿದ ಮುದುಕಿಗೂ ಗೊತ್ತಿರಲಿಲ್ಲ, ಆ ಮುದುಕಿಗೆ ಹೇಳಿದವಳಿಗೂ ಗೊತ್ತಿರಲಿಲ್ಲ. ಎರೆಗುಂಡಿ ಅಂತ ಒಂದು ಊರಿತ್ತು. ಸುತ್ತ ಕಪ್ಪು ಎರೆ ಹೊಲ, ನಡುವೆ ನಲವತ್ತು ಮನೆ, ಪಡುವಣಕ್ಕೆ ಒಂದು ಕಲ್ಲುಗುಡ್ಡ. ಜೋಳ ಚೆನ್ನಾಗಿ ಬರುತ್ತಿತ್ತು, ಕಡಲೆ ಚೆನ್ನಾಗಿ ಬರುತ್ತಿತ್ತು, ಮಾತಂತೂ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿತ್ತು. ಇಲ್ಲದ್ದು ಒಂದೇ, ಕುಡಿಯುವ ನೀರು. ಊರೊಳಗೆ ಎಲ್ಲಿ ತೋಡಿದರೂ ಸವಳು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಬಾಯಿಗೆ ಹಾಕಿದರೆ ಮುಖ ಕಿವುಚಿಕೊಳ್ಳಬೇಕು. ಹೆಂಗಸರು ದಿನಾ ಬೆಳಗಾದರೆ ಕೊಡ ಹೊತ್ತು ದೂರದ ಹಳ್ಳಕ್ಕೆ ಹೋಗಿ ಬರುತ್ತಿದ್ದರು.

ಆ ಊರಿಗೆ ಹುಲಿಗೆವ್ವ ಬಂದಳು. ಹೆಸರಿನಲ್ಲಿ ಹುಲಿ ಇತ್ತು, ಆಳು ಮಾತ್ರ ಮೊಳಕ್ಕೆ ಇನ್ನೊಂದು ಮೊಳ ಸೇರಿಸಿದಷ್ಟು. ಗಂಡ ದುರುಗಪ್ಪ ಬಾವಿ ತೋಡುವವನು. ಅವನು ಕೆಳಗೆ ಅಗೆದರೆ ಅವಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಮೇಲೆ ತರುವವಳು. ಒಂದು ಊರಿನ ಬಾವಿಗೆ ನೀರು ಬಂತೋ, ಚಾಪೆ ಸುತ್ತಿ ಕತ್ತೆಯ ಮೇಲೆ ಹೇರಿ ಮುಂದಿನ ಊರಿಗೆ. ಹೀಗೆ ಹನ್ನೆರಡು ಊರಿಗೆ ನೀರು ಕೊಟ್ಟಿದ್ದರಂತೆ. ಇಪ್ಪತ್ತೆರಡು ಅನ್ನುವವರೂ ಇದ್ದಾರೆ. ಎಷ್ಟಾದರೇನು, ಒಂದು ಊರಲ್ಲೂ ಅವರಿಗೆ ಗೋಡೆ ಇರಲಿಲ್ಲ. ಎಲ್ಲಿ ಹೋದರೂ ಚಾಪೆಯ ಗುಡಿಸಲು, ಮಳೆ ಬಂದರೆ ಕತ್ತೆಯೂ ಒಳಗೆ.

ಎರೆಗುಂಡಿಯ ಸಂಕನಗೌಡ ಅವರಿಗೆ ಒಂದು ಮಾತು ಕೊಟ್ಟ. ಸಿಹಿ ನೀರಿನ ಬಾವಿ ತೋಡಿಕೊಟ್ಟರೆ ಊರಿನೊಳಗೇ ಮನೆ ಕಟ್ಟಲು ಜಾಗ, ಇನ್ನು ನೀವು ಈ ಊರಿನವರೇ ಅಂದ. ಆ ಮಾತು ಕೇಳಿದ ದಿನವೇ ಹುಲಿಗೆವ್ವ ಗುಡ್ಡಕ್ಕೆ ಹೋಗಿ ಹೊಸ್ತಿಲಿಗೆ ಅಂತ ಒಂದು ಕಲ್ಲು ಆರಿಸಿಟ್ಟು ಬಂದಳಂತೆ. ಬಾವಿಗೆ ಇನ್ನೂ ಗುದ್ದಲಿ ಬಿದ್ದಿರಲಿಲ್ಲ. ದುರುಗಪ್ಪ ನಕ್ಕ. ಮನೆಯೇ ಇಲ್ಲದೆ ಹೊಸ್ತಿಲು ತಂದವಳು ನೀನೊಬ್ಬಳೇ ಇರಬೇಕು ಅಂದ. ಇವಳು ಆ ಕಲ್ಲನ್ನು ಗುಡಿಸಲ ಮುಂದೆ ಇಟ್ಟುಕೊಂಡು ದಿನಾ ದಾಟಿ ಒಳಗೆ ಹೋಗುತ್ತಿದ್ದಳು.

ಅಗೆದರು. ಎರಡಾಳುದ್ದ ಆಳ ಹೋಯಿತು, ಮೂರಾಳು ಹೋಯಿತು, ಐದಾಳಿಗೆ ಸೆಲೆ ಚಿಮ್ಮಿತು. ಆದರೆ ಸೆಲೆ ಬಂದರೆ ಸಾಲದು. ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಬಾವಿಯ ನೀರನ್ನು ಯಾರೂ ನಾಲಿಗೆಗೆ ಸೋಕಿಸುವಂತಿಲ್ಲ, ತೋಡಿದವರೂ ಸೋಕಿಸುವಂತಿಲ್ಲ. ಮೊದಲ ಸೆಲೆಯ ನೀರಿನಲ್ಲಿ ತೋಡಿದವರ ಮನೆಯವರು ಒಂದು ಕಪ್ಪೆ ಸಾಕಬೇಕು. ಕಲ್ಲು ಕಟ್ಟಿ ಮುಗಿದ ಮೇಲೆ ಅದನ್ನು ಬಾವಿಗೆ ಬಿಡಬೇಕು. ಮೂರು ದಿನದ ಗಡುವು, ಕೊನೆಯ ದಿನ ಹೊತ್ತು ಮುಳುಗುವಾಗ ಕಪ್ಪೆ ನೀರಲ್ಲಿ ನಿಂತಿದ್ದರೆ ನೀರು ನಮ್ಮದು. ಕಪ್ಪೆ ಬಿಟ್ಟು ಹೋಗಿದ್ದರೆ ಅದು ಒಲ್ಲದ ನೀರು. ತೋಡಿದ ಮಣ್ಣನ್ನೇ ಮತ್ತೆ ಸುರಿದು ಮುಚ್ಚಬೇಕು, ತೋಡಿದವರು ಊರು ಬಿಡಬೇಕು. ನಗಬೇಡಿ. ಸವಳು ನೀರಲ್ಲಿ ಕಪ್ಪೆ ನಿಲ್ಲುವುದಿಲ್ಲ, ಹಿಂದಿನವರಿಗೆ ಅದು ಗೊತ್ತಿತ್ತು. ಎರೆಗುಂಡಿಯಲ್ಲಿ ಆಗಲೇ ಎರಡು ಬಾವಿ ಹಾಗೆ ಮುಚ್ಚಿಹೋಗಿದ್ದವು.

ಕಟ್ಟಳೆ ಕಾಯುವವಳು ನೀಲವ್ವಾಯಿ. ಊರಿಗೆಲ್ಲ ಹಿರಿಯಳು, ಹಲ್ಲು ನಾಲ್ಕೇ ಉಳಿದಿದ್ದವು, ನಾಲಿಗೆ ಪೂರ್ತಿ ಉಳಿದಿತ್ತು. ಕಪ್ಪೆ ನಿಂತ ಬಾವಿಯ ನೀರನ್ನು ಮೊದಲು ಕುಡಿಯುವ ಹಕ್ಕು ಅವಳದು. ಅರವತ್ತು ವರ್ಷ ಹಳ್ಳಕ್ಕೆ ನಡೆದು ನಡೆದು ಅವಳ ಮಂಡಿ ಸವೆದಿದ್ದವು. ಹೊಸ ಬಾವಿ ಬೇಕು ಅಂತ ಅವಳಷ್ಟು ಹಂಬಲಿಸಿದವರು ಊರಲ್ಲಿ ಯಾರೂ ಇರಲಿಲ್ಲ. ಆದರೂ ಕಟ್ಟಳೆ ಅಂದರೆ ಕಟ್ಟಳೆ ಅನ್ನುತ್ತಿದ್ದಳು.

ಇನ್ನು ದುರುಗಪ್ಪ. ಐದಾಳು ಆಳದಲ್ಲಿ, ಬೇಸಗೆಯ ಬಿಸಿಲಲ್ಲಿ, ಮೊಣಕಾಲುದ್ದ ತಣ್ಣನೆಯ ನೀರಲ್ಲಿ ನಿಂತವನು ಸುಮ್ಮನಿದ್ದನೆ? ಒಂದು ಬೊಗಸೆ ಕುಡಿದೇಬಿಟ್ಟನಂತೆ. ಮೇಲೆ ಬಂದು ಹೆಂಡತಿಯ ಕಿವಿಯಲ್ಲಿ ಹೇಳಿದನಂತೆ, “ಏ ಹುಲಗಿ, ಎಳನೀರು ಇದ್ದಂಗ ಐತಿ. ಯಾರ ಮುಂದೂ ಅನಬ್ಯಾಡ.” ಹೀಗೆ ಆ ನೀರು ಸಿಹಿ ಅಂತ ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು, ಇಬ್ಬರೂ ಬಾಯಿ ಬಿಡುವಂತಿರಲಿಲ್ಲ.

ಸೆಲೆ ಬಂದ ವಾರಕ್ಕೆ ಮೊದಲ ಮಳೆ ಬಿತ್ತು. ಮಾರನೆಯ ಬೆಳಿಗ್ಗೆ ಹುಲಿಗೆವ್ವ ನೋಡಿದರೆ, ಬಾವಿಯ ಮಣ್ಣಿನ ಗೋಡೆಗೆ, ನೀರಿಗಿಂತ ಒಂದು ಗೇಣು ಮೇಲೆ, ಸೀಗೆಕಾಯಿ ನೊರೆಯಂಥ ಮುದ್ದೆಯೊಂದು ಅಂಟಿಕೊಂಡಿತ್ತು. ಕುಡಿಯುವ ನೀರಿನ ಬಾವಿಯಲ್ಲಿ ತಲೆ ತೊಳೆದುಕೊಂಡೆಯಾ ಅಂತ ಗಂಡನಿಗೆ ಹಿಗ್ಗಾಮುಗ್ಗಾ ಬೈದಳು. ಅವನು ತಲೆ ಮುಟ್ಟಿ ಆಣೆ ಮಾಡಿದ. ತಲೆ ಧೂಳು ಹಿಡಿದೇ ಇತ್ತು, ಅದೊಂದೇ ಸಾಕ್ಷಿ. ಎರಡು ಮೂರು ದಿನಕ್ಕೆ ನೊರೆ ಕರಗಿ ಅದರಿಂದ ಪುಟ್ಟ ಪುಟ್ಟ ಗೊದಮೊಟ್ಟೆಗಳು ತೊಟತೊಟ ನೀರಿಗೆ ಉದುರಿದವು. ಹುಡುಕುವ ಕೆಲಸವೇ ತಪ್ಪಿತು ಅಂತ ಹುಲಿಗೆವ್ವ ಐದನ್ನು ಹಿಡಿದು ಸೆಲೆಯ ನೀರು ತುಂಬಿದ ಗಡಿಗೆಗೆ ಹಾಕಿಕೊಂಡಳು. ನೊರೆಯನ್ನು ಅಲ್ಲಿಗೇ ಮರೆತಳು. ಆ ಮರೆವು ಅವಳಿಗೆ ಮುಂದೆ ದುಬಾರಿಯಾಯಿತು.

ಈ ಕಡೆ ದುರುಗಪ್ಪ ಬಾವಿಗೆ ಕಲ್ಲು ಕಟ್ಟುತ್ತಿದ್ದ, ಮೆಟ್ಟಿಲು ಇಳಿಸುತ್ತಿದ್ದ. ಆ ಕಡೆ ಗಡಿಗೆಯಲ್ಲಿ ಗೊದಮೊಟ್ಟೆಗಳು ಬೆಳೆಯುತ್ತಿದ್ದವು. ಬೇಯಿಸಿದ ರಾಜಗಿರಿ ಸೊಪ್ಪು ಹಾಕಿದರೆ ಮೂತಿ ಒತ್ತಿ ಕೆರೆದು ತಿನ್ನುತ್ತಿದ್ದವು. ಎರಡನ್ನು ಕಾಗೆ ಹೊತ್ತೊಯ್ದಿತು. ಉಳಿದ ಮೂರಕ್ಕೆ ಹಿಂಗಾಲು ಬಂತು, ಆಮೇಲೆ ಮುಂಗಾಲು ಬಂತು. ಬಾಲ ಕರಗತೊಡಗಿತು ಅನ್ನುವಷ್ಟರಲ್ಲಿ ಒಂದು ಬೆಳಿಗ್ಗೆ ಎರಡು ಮರಿಗಳು ನೀರಿನಲ್ಲಿ ಸತ್ತು ತೇಲುತ್ತಿದ್ದವು. ನೀರಲ್ಲೇ ಬೆಳೆದವು ನೀರಲ್ಲೇ ಮುಳುಗಿ ಸತ್ತವು. ಹುಲಿಗೆವ್ವ ಅವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಬಾಲ ಕರಗುವ ಹೊತ್ತಿಗೆ ಅದು ನೀರಿನದೂ ಅಲ್ಲ, ನೆಲದ್ದೂ ಅಲ್ಲ, ಕಾಲೂರಲು ಅಂಗೈಯಗಲ ಜಾಗ ಬೇಕಿತ್ತು ಅಂತ ಅವಳಿಗೆ ಆಗ ಹೊಳೆಯಿತು. ಕಾಲೂರಲು ಜಾಗವಿಲ್ಲದ ಸಂಕಟ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓಡಿಹೋಗಿ ಒಂದು ಚಪ್ಪಟೆ ಕಲ್ಲು ತಂದು ಗಡಿಗೆಯೊಳಗೆ ಇಳಿಜಾರಾಗಿ ನಿಲ್ಲಿಸಿದಳು. ಉಳಿದ ಒಂದು ಮರಿ ಮೋಟು ಬಾಲ ಎಳೆದುಕೊಂಡು ಕಲ್ಲೇರಿ ಕೂತು ಅವಳನ್ನೇ ನೋಡಿತು.

ಅದಕ್ಕೆ ಸಣ್ಣಪ್ಪ ಅಂತ ಹೆಸರಿಟ್ಟಳು. ಹೆಬ್ಬೆರಳ ಉಗುರಿನಷ್ಟು ಇತ್ತು, ಒಣ ಎಲೆಯ ಬಣ್ಣ. ಎಳೆಯ ಕಪ್ಪೆಗಳೆಲ್ಲ ಹಾಗೇ ಇರುತ್ತವೆ ಬಿಡಿ. ಬಾಲ ಕರಗಿದ ಹೊಸತರಲ್ಲಿ ಯಾವುದು ಯಾವುದರ ಮರಿ ಅಂತ ಅವುಗಳ ಅವ್ವನಿಗೂ ಗೊತ್ತಾಗಲಿಕ್ಕಿಲ್ಲ. ಎರೆಗುಂಡಿಯವರಿಗಂತೂ ಕಪ್ಪೆ ಅಂದರೆ ಕಪ್ಪೆ, ಅದರಲ್ಲಿ ಜಾತಿ ಪಂಗಡ ಇದೆ ಅಂತ ಯಾರೂ ಯೋಚಿಸಿರಲಿಲ್ಲ.

ಸಣ್ಣಪ್ಪನಿಗೆ ಒಂದು ಅಭ್ಯಾಸ. ಬೆಳಗಾಗುವಷ್ಟರಲ್ಲಿ ಗಡಿಗೆ ಬಿಟ್ಟು ಗುಡಿಸಲ ಗೂಟವೇರಿ, ಸರಿಯಾಗಿ ಹುಲಿಗೆವ್ವ ಮಲಗುವ ಜಾಗದ ಮೇಲೆ ಅಂಟಿಕೊಂಡು ಕೂತಿರುತ್ತಿದ್ದ. ಅವಳು ಕಣ್ಣು ಬಿಟ್ಟರೆ ಮೊದಲು ಕಾಣುವವನು ಅವನೇ. ಮತ್ತೆ ಗಡಿಗೆಗೆ ಬಿಟ್ಟರೆ ಮರುದಿನ ಮತ್ತೆ ಅಲ್ಲೇ. ಅವಳಿಗೆ ಮಕ್ಕಳಿರಲಿಲ್ಲ. ನಾನಿಲ್ಲದೆ ಅವನಿಗೆ ಒಂದು ಗಳಿಗೆ ಇರಲಾಗುವುದಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದಳು. ಹೇಳುವಾಗ ಅವಳ ಮುಖ ಅರಳುತ್ತಿದ್ದುದನ್ನು ನೋಡಿ, ನಗಬೇಕು ಅಂತಿದ್ದವರೂ ನಗದೆ ಸುಮ್ಮನಾದರಂತೆ.

ಬಾವಿ ಕಟ್ಟಿ ಮುಗಿಯಿತು. ಒಂದು ಸೋಮವಾರ ಊರಿಗೆ ಊರೇ ಸೇರಿ, ಅರಿಶಿನ ಕುಂಕುಮ ಹಾಕಿ, ಸಣ್ಣಪ್ಪನನ್ನು ಬಾವಿಗೆ ಬಿಟ್ಟರು. ಗಂಡನ ಮನೆಗೆ ಮಗಳನ್ನು ಕಳಿಸಿದವಳ ಹಾಗೆ ಹುಲಿಗೆವ್ವ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಮಂಗಳವಾರ ಬೆಳಿಗ್ಗೆ ಕಣ್ಣು ಬಿಟ್ಟು ನೋಡುತ್ತಾಳೆ, ಗೂಟದ ಮೇಲೆ ಸಣ್ಣಪ್ಪ!

ಮೊದಲು ಅವಳ ಎದೆ ಹಿಗ್ಗಿತು. ಮರುಗಳಿಗೆಗೆ ಧಸಕ್ಕೆಂದಿತು. ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಮತ್ತೆ ಬಾವಿಗೆ ಬಿಟ್ಟು, ನನ್ನಪ್ಪಾ, ಮೂರು ದಿನ ಇರು, ಆಮೇಲೆ ನಾನೇ ಬಂದು ನೋಡಿಕೊಂಡು ಹೋಗುತ್ತೇನೆ ಅಂತ ಬೇಡಿಕೊಂಡಳು. ಅವನು ಕೇಳಿದನೆ? ಮಧ್ಯಾಹ್ನ ನಾಲ್ಕು ಮಂದಿ ಕಟ್ಟೆಯ ಮೇಲೆ ಕೂತಿದ್ದಾಗಲೇ ಕಲ್ಲಿಂದ ಕಲ್ಲಿಗೆ, ದುರುಗಪ್ಪ ಏರುವ ಹಾಗೆ, ನಿಧಾನಕ್ಕೆ ಏರಿ ಬಂದು ಎಲ್ಲರ ಕಣ್ಣೆದುರಿಗೆ ಕಟ್ಟೆಯ ಮೇಲೆ ಕೂತ. ಸುದ್ದಿ ಊರು ಸುತ್ತಿತು. ಮೂರನೆಯದೂ ಒಲ್ಲದ ನೀರೇ ಅಂತ ಹೆಂಗಸರು ಹಣೆ ಗಟ್ಟಿಸಿಕೊಂಡರು. ಸಂಕನಗೌಡ ಕೆಟ್ಟವನೇನಲ್ಲ, ಆದರೂ ಮಣ್ಣು ಹೊರಲು ಬುಟ್ಟಿ ಹೊಂದಿಸಿ ಇಡಿ ಅಂದ. ಗುರುವಾರ ಹೊತ್ತು ಮುಳುಗುವವರೆಗೆ ಗಡುವು ಅಂತ ನೀಲವ್ವಾಯಿ ಹೇಳಿದಳು. ಹೇಳಿ ಯಾರ ಮುಖವನ್ನೂ ನೋಡದೆ ಕೋಲೂರಿಕೊಂಡು ಹೊರಟುಹೋದಳಂತೆ.

ಬುಧವಾರವೂ ಅದೇ ಕಥೆ. ಹುಲಿಗೆವ್ವ ಸಣ್ಣಪ್ಪನನ್ನು ಅಂಗೈಯಲ್ಲಿ ಕೂರಿಸಿಕೊಂಡು ಬೈದಳು. “ನೀ ನನ್ನ ಮ್ಯಾಲ ಇಟ್ಟ ಜೀವ ನನ್ನ ಮನೀನ ಕೆಡವಾಕತ್ತೈತಿ, ಗೊತ್ತೈತೇನ ನಿನಗ?” ಸಿಟ್ಟಿನಲ್ಲಿ ಕೈ ಕೊಡವಿದಳು. ಅವನು ಬೀಳಲಿಲ್ಲ. ಅಂಗೈ ಮಗುಚಿದಳು, ಆಗಲೂ ಬೀಳಲಿಲ್ಲ. ತಲೆಕೆಳಗಾಗಿ ಅಂಟಿಕೊಂಡೇ ಇದ್ದ. ಆಗ ಅವಳು ಮೊದಲ ಸಲ ಅವನ ಕಾಲು ನೋಡಿದಳು.

ಕಾಲು ನೋಡುವುದರಲ್ಲಿ ಹುಲಿಗೆವ್ವನನ್ನು ಮೀರಿಸುವವರಿರಲಿಲ್ಲ. ಅದು ಅವಳ ಕೆಲಸ ಕಲಿಸಿದ ವಿದ್ಯೆ. ತಲೆಯ ಮೇಲೆ ಬುಟ್ಟಿ ಹೊತ್ತು ಬಾವಿಯ ಏರು ಹತ್ತುವವಳಿಗೆ ಕಣ್ಣೆದುರು ಕಾಣುವುದು ಮುಂದೆ ಹತ್ತುವವರ ಹಿಮ್ಮಡಿ, ಪಾದ, ಬೆರಳು. ಹೀಗೆ ವರ್ಷಗಟ್ಟಲೆ ನೋಡಿ ನೋಡಿ, ಮುಖ ನೋಡದೆ ಬರೀ ಪಾದ ನೋಡಿಯೇ ಇಂಥವರು ಅಂತ ಹೇಳುತ್ತಿದ್ದಳಂತೆ. ನಡೆದು ಹೋದವನ ಹೆಜ್ಜೆ ನೋಡಿ ಅವನಿಗೆ ಮದುವೆಯಾಗಿದೆಯೋ ಇಲ್ಲವೋ ಹೇಳುತ್ತಿದ್ದಳು ಅಂತಲೂ ಅನ್ನುತ್ತಾರೆ. ಅಷ್ಟು ನಂಬಬೇಕಾದ್ದಿಲ್ಲ. ಆದರೆ ಇಷ್ಟು ದಿನ ಮಗ ಅಂತ ಮುಖ ನೋಡಿದ್ದಳೇ ಹೊರತು ಕಾಲು ನೋಡಿರಲಿಲ್ಲ.

ಸಣ್ಣಪ್ಪನ ಒಂದೊಂದು ಬೆರಳಿನ ತುದಿಯಲ್ಲೂ ಒಂದೊಂದು ದುಂಡನೆಯ ಬಿಲ್ಲೆ ಇತ್ತು, ಎಳೆಯ ನವಣೆ ಕಾಳನ್ನು ಚಪ್ಪಟೆ ಮಾಡಿ ಅಂಟಿಸಿದ ಹಾಗೆ. ಆ ಬಿಲ್ಲೆ ಒತ್ತಿ ಒತ್ತಿ ಅವನು ಏರುತ್ತಿದ್ದ. ಹುಲಿಗೆವ್ವನಿಗೆ ಥಟ್ಟನೆ ಆ ನೊರೆ ನೆನಪಾಯಿತು. ನೀರಿನೊಳಗೆ ಇಟ್ಟ ಮೊಟ್ಟೆಯಲ್ಲ ಅದು, ಗೋಡೆಯ ಮೇಲೆ ಇಟ್ಟದ್ದು. ಇವನ ಅವ್ವನೂ ಗೋಡೆ ಏರುವವಳೇ. ಇವನು ಬಾವಿಯ ಕಪ್ಪೆಯೇ ಅಲ್ಲ, ಗಿಡ ಗೋಡೆ ಏರುವ ಕಪ್ಪೆ. ಇವನನ್ನು ಬಾವಿಯಲ್ಲಿ ನಿಲ್ಲು ಅನ್ನುವುದು ಆಡನ್ನು ನೇಗಿಲಿಗೆ ಕಟ್ಟಿದ ಹಾಗೆ.

ಗೊತ್ತಾಯಿತಲ್ಲ ಅಂತ ಅವಳು ಕುಣಿಯಬೇಕಿತ್ತು. ಕುಣಿಯಲಿಲ್ಲ, ಅತ್ತಳು. ಗಂಡ ಗಾಬರಿಯಾಗಿ ಕೇಳಿದರೆ ಹೇಳಿದಳಂತೆ, “ಎರಡು ತಿಂಗಳಾತು, ನನ್ನ ನೋಡಾಕ ಬರ್ತಾನ ಅಂತ ತಿಳಕೊಂಡಿದ್ನಿ. ಅಂವ ಬರ್ತಿದ್ದದ್ದು ಕಾಲು ಏರಸ್ತಾವ ಅಂತ.” ರೊಟ್ಟಿ ತಟ್ಟುವ ಕೆಲಸ ಅವತ್ತು ದುರುಗಪ್ಪನೇ ಮಾಡಿದ. ರೊಟ್ಟಿ ಸುಟ್ಟು ಕರಕಾದವು, ಅವಳು ಅಷ್ಟನ್ನೂ ತಿಂದಳು.

ಗುರುವಾರ ಬಂತು. ಬಿಸಿಲೇರುವ ಹೊತ್ತಿಗೆ ಬಾವಿಯ ಕಡೆಯಿಂದ ಕೂಗು ಕೇಳಿಸಿತು. “ನಿಂತಾನ! ಸಣ್ಣಪ್ಪ ನೀರಾಗ ನಿಂತಾನ!” ಗಂಡಹೆಂಡಿರು ಓಡಿದರು. ಕಟ್ಟೆಯ ಸುತ್ತ ಜನವೋ ಜನ. ಕೆಳಗೆ ನೀರಿನಲ್ಲಿ ಒಂದು ಪುಟ್ಟ ಕಪ್ಪೆ ಕಾಲು ಚೆಲ್ಲಿ, ಕಣ್ಣು ಮಾತ್ರ ಮೇಲಿಟ್ಟು, ತನ್ನ ಅಪ್ಪನ ಮನೆಯೇನೋ ಅನ್ನುವಂತೆ ತೇಲುತ್ತಿತ್ತು. ಉಗುರಿನಷ್ಟೇ ಗಾತ್ರ, ಒಣ ಎಲೆಯದೇ ಬಣ್ಣ. ನೀಲವ್ವಾಯಿ ಆಗಲೇ ತಾಮ್ರದ ತಂಬಿಗೆ ತೊಳೆದುಕೊಂಡು ಬಂದು ಮೆಟ್ಟಿಲ ಮೇಲೆ ನಿಂತಿದ್ದಳು.

ಹುಲಿಗೆವ್ವ ಮೆಟ್ಟಿಲಿಳಿದು ಬಗ್ಗಿ ನೋಡಿದಳು. ಒಂದೇ ನೋಟ ಸಾಕಾಯಿತು. ಚೆಲ್ಲಿದ ಹಿಂಗಾಲಿನ ಬೆರಳುಗಳ ನಡುವೆ ತುದಿಯವರೆಗೂ ತೆಳ್ಳನೆಯ ತೊಗಲು, ಉಳ್ಳಾಗಡ್ಡಿ ಸಿಪ್ಪೆಯ ಹಾಗೆ. ತುದಿಯಲ್ಲಿ ಬಿಲ್ಲೆ ಇಲ್ಲ, ಮೊನಚು. ಇದು ಬೇರೆ ಕಪ್ಪೆ, ನೀರಿನದೇ ಕಪ್ಪೆ. ಹೊಸ ಮೆಟ್ಟಿಲು ಇಳಿದು ತಾನಾಗಿ ಬಂದದ್ದು. ಸಣ್ಣಪ್ಪ ಆ ಹೊತ್ತಿಗೆ ಗುಡಿಸಲ ಗೂಟದ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಅದು ಅವಳಿಗೆ ಗೊತ್ತಿತ್ತು, ದುರುಗಪ್ಪನಿಗೂ ಗೊತ್ತಿತ್ತು. ದುರುಗಪ್ಪ ಅವಳ ಕಡೆ ನೋಡಿದ. ಬಾಯಿ ಮುಚ್ಚಿಕೊಂಡಿರು ಮಾರಾಯ್ತಿ ಅಂತ ಕಣ್ಣಿನಲ್ಲೇ ಬೇಡಿಕೊಂಡ.

ಸುಮ್ಮನಿದ್ದರೆ ಸಾಕಿತ್ತು. ನೀರು ಸಿಹಿ ಅಂತ ಅವರಿಗೆ ಗೊತ್ತೇ ಇತ್ತು, ಯಾರಿಗೂ ಕೇಡಾಗುತ್ತಿರಲಿಲ್ಲ. ಮನೆಯಾಗುತ್ತಿತ್ತು, ಗೋಡೆಯಾಗುತ್ತಿತ್ತು, ಗುಡ್ಡದಿಂದ ತಂದ ಹೊಸ್ತಿಲಿಗೆ ಒಂದು ಬಾಗಿಲಾಗುತ್ತಿತ್ತು. ಹುಲಿಗೆವ್ವ ತುಟಿ ಕಚ್ಚಿಕೊಂಡು ನಿಂತಳು. ಅಷ್ಟರಲ್ಲಿ ಯಾರೋ ಒಬ್ಬಾಕೆ ಅರಿಶಿನ ಎರಚುತ್ತ ಆ ಕಪ್ಪೆಗೆ, “ನಮ್ಮ ಸಣ್ಣಪ್ಪ, ನಮ್ಮ ಬಂಗಾರ ಸಣ್ಣಪ್ಪ” ಅಂದಳು. ಅದಕ್ಕೂ ಸುಮ್ಮನಿದ್ದಳು. ಇನ್ನೊಬ್ಬಾಕೆ, “ಎಷ್ಟು ಚಂದ ಈಜತಾನ ನೋಡು, ಹುಲಿಗೆವ್ವನ ಮಗ” ಅಂದಳು. ಅದನ್ನು ಮಾತ್ರ ಹುಲಿಗೆವ್ವನಿಂದ ತಡೆಯಲಾಗಲಿಲ್ಲ. ನಿಮ್ಮ ಮಗನ ಹೆಸರು ಹಿಡಿದು ಇನ್ನೊಬ್ಬರ ಮಗನನ್ನು ಮುದ್ದಾಡಿದರೆ ನೀವು ಸುಮ್ಮನಿರುತ್ತೀರಾ?

“ಅಂವ ನಮ್ಮ ಸಣ್ಣಪ್ಪ ಅಲ್ಲ!” ಅಂತ ಬಾವಿ ಒಡೆದುಹೋಗುವಂತೆ ಕೂಗಿದಳು. ದುರುಗಪ್ಪ ತಲೆಯ ಮೇಲೆ ಕೈಹೊತ್ತು ಕಟ್ಟೆಯ ಮೇಲೆ ಕುಸಿದು ಕೂತ.

ಸಂಕನಗೌಡ ಮುಂದೆ ಬಂದ. “ಕಪ್ಪಿ ಕಪ್ಪೀನ ಅಲ್ಲೇನಬೇ? ಅದು ನಿಂದಲ್ಲ ಅಂತ ಹೆಂಗ ಗುರ್ತು ಹಿಡೀತಿ?” ಅಂತ ಕೇಳಿದ. ಅವಳು ಗುಡಿಸಲಿಗೆ ಓಡಿಹೋಗಿ ಸಣ್ಣಪ್ಪನನ್ನು ಎಡಗೈಯಲ್ಲಿ ತಂದಳು. ಬಲಗೈಯಲ್ಲಿ ಆ ಇನ್ನೊಂದನ್ನು ಹಿಡಿಯಲು ಮೆಟ್ಟಿಲಿಳಿದಳು. ಅದು ಅಷ್ಟು ಸುಲಭಕ್ಕೆ ಸಿಗುವುದೆ? ಹಿಡಿದಳು ಅನ್ನುವಷ್ಟರಲ್ಲಿ ನೀರ ಮೇಲೇ ಕುಪ್ಪಳಿಸಿ ಆಚೆ ಹೋಯಿತು. ಇವಳು ಕಾಲು ಜಾರಿ ಝಲ್ಲೆಂದು ನೀರಿಗೆ ಬಿದ್ದಳು. ಎಡಗೈ ಮಾತ್ರ ಮೇಲೇ ಇತ್ತು. ಮೆಟ್ಟಿಲು ಹಿಡಿದು ಎದ್ದಾಗ ಕೆನ್ನೆ ಉಬ್ಬಿತ್ತು. “ನುಂಗಿದಿಯೇನ? ಮೊದಲ ಗುಟುಕು ನಂದು!” ಅಂತ ನೀಲವ್ವಾಯಿ ಮೇಲಿಂದ ಕಿರುಚಿದಳು. ಹುಲಿಗೆವ್ವ ಬಾಯಿಯ ನೀರನ್ನೆಲ್ಲ ಉಗುಳಿ, ಇಲ್ಲ ಆಯಿ ಅಂತ ತಲೆಯಾಡಿಸಿದಳು. ಜನ ಬಿದ್ದು ಬಿದ್ದು ನಕ್ಕರು. ನಗುವಿನಲ್ಲೇ ಅರ್ಧ ಸಿಟ್ಟು ಇಳಿದುಹೋಯಿತು ಅಂತ ಹೇಳುತ್ತಾರೆ.

ಕೊನೆಗೂ ಎರಡು ಕೈಯಲ್ಲಿ ಎರಡು ಕಪ್ಪೆ ಹಿಡಿದು, ಸೀರೆಯಿಂದ ನೀರು ಸುರಿಸುತ್ತ ಮೇಲೆ ಬಂದಳು. ಗೌಡನ ಮುಂದೆ ಹಿಡಿದು, ಇದರಲ್ಲಿ ಯಾವುದು ಯಾವುದು ಹೇಳಿರಿ ಅಂದಳು. ಗೌಡ ಇದನ್ನು ನೋಡಿದ, ಅದನ್ನು ನೋಡಿದ. ಬೆನ್ನು ನೋಡಿದರೆ ಒಂದೇ, ಮೂತಿ ನೋಡಿದರೆ ಒಂದೇ. ಒಪ್ಪಿಕೊಳ್ಳಲು ನಾಚಿಕೆ, ಸುಮ್ಮನೆ ಗಂಟಲು ಸರಿಮಾಡಿಕೊಂಡ. “ಮಾರಿ ನೋಡಬ್ಯಾಡ್ರಿ ಗೌಡ್ರ, ಕಾಲು ನೋಡ್ರಿ” ಅಂತ ಹುಲಿಗೆವ್ವ ಎರಡನ್ನೂ ಅಂಗಾತ ಮಾಡಿದಳು. ಬಿಲ್ಲೆಯ ಬೆರಳು ತೋರಿಸಿದಳು, ತೊಗಲಿನ ಬೆರಳು ತೋರಿಸಿದಳು. ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಹುಟ್ಟಿದಾಗಿನಿಂದ ಕಪ್ಪೆ ನೋಡಿದವರು ಕಪ್ಪೆಯ ಕಾಲು ನೋಡಿದ್ದು ಅವತ್ತೇ ಮೊದಲು.

ಆದರೆ ಗೌಡ ಬಿಡಲಿಲ್ಲ. “ಆತು, ಬ್ಯಾರೆ ಬ್ಯಾರೆ. ಹಂಗಾದ್ರ ನೀ ಸಾಕಿದ ಕಪ್ಪಿ ನೀರು ಒಲ್ಲೆ ಅಂದಂಗಾತಲ್ಲ. ಬಾವಿ ಮುಚ್ಚೂದ ಸೈ” ಅಂದ. ದುರುಗಪ್ಪ ಎದ್ದು ಚಾಪೆ ಸುತ್ತಲು ಹೊರಟೇಬಿಟ್ಟಿದ್ದ. ಹುಲಿಗೆವ್ವ ಅವನಿಗೆ ಅಡ್ಡ ನಿಂತು, ಗೌಡರ ಮನೆಯ ಹಂಡೆಯಿಂದ ಒಂದು ಗಡಿಗೆ ಹಳ್ಳದ ನೀರು ತರಿಸಿರಿ ಅಂತ ಕೇಳಿದಳು. ತಂದರು. ಸಣ್ಣಪ್ಪನನ್ನು ಅದರೊಳಗೆ ಬಿಟ್ಟಳು. ಎಲ್ಲರೂ ನೋಡುತ್ತಿದ್ದಂತೆ ಸಣ್ಣಪ್ಪ ಒಂದು ಸುತ್ತು ಈಜಿ, ಗಡಿಗೆಯ ಒಳಮೈಗೆ ಬಿಲ್ಲೆ ಒತ್ತಿ, ಸರಸರ ಏರಿ ಬಂದು ಬಾಯಿಯ ಮೇಲೆ ಕೂತ. ಇನ್ನೊಂದು ಮನೆಯ ನೀರು ತರಿಸಿದಳು, ಅದರಿಂದಲೂ ಏರಿ ಬಂದ. ಮೂರನೆಯದು ನೀಲವ್ವಾಯಿಯ ಮನೆಯ ನೀರು. ಅದರಿಂದಂತೂ ಇಳಿದಷ್ಟೇ ಬೇಗ ಏರಿದ.

“ಆಯಿ, ಅರವತ್ತು ವರ್ಷ ಕುಡದ ನೀರು ಒಲ್ಲದ ನೀರೇನ?” ಅಂತ ಹುಲಿಗೆವ್ವ ಕೇಳಿದಳು.

ನೀಲವ್ವಾಯಿ ಇವಳ ಬಲಗೈಯಲ್ಲಿದ್ದ ಕಪ್ಪೆಯನ್ನು ತಾನೇ ತೆಗೆದುಕೊಂಡು ಬಾವಿಗೆ ಬಿಟ್ಟಳು. ಅದು ಪುಳಕ್ಕನೆ ಮುಳುಗಿ, ಎದ್ದು, ಕಣ್ಣು ಮೇಲಿಟ್ಟು ಮೊದಲಿದ್ದ ಹಾಗೇ ತೇಲತೊಡಗಿತು. ಮುದುಕಿ ಕಟ್ಟೆಯ ಮೇಲೆ ಕೂತೇಬಿಟ್ಟಳು. ಬಿಸಿಲು ನೆತ್ತಿಗೆ ಬಂತು, ವಾಲಿತು, ಅವಳು ಏಳಲಿಲ್ಲ. ಊಟಕ್ಕೆ ಕರೆದರು, ಏಳಲಿಲ್ಲ. ಮುದುಕಿ ಕೂತಿದ್ದಾಳೆ ಅಂತ ಊರೂ ಕೂತಿತು. ಹೊತ್ತು ಮುಳುಗಿತು, ಕಪ್ಪೆ ನೀರಲ್ಲೇ ಇತ್ತು.

ಆಗ ನೀಲವ್ವಾಯಿ ಹೇಳಿದಳಂತೆ, “ಸಾಕಿದ ಕಪ್ಪೀನ ನಾವು ಒತ್ತಾಯ ಮಾಡಿ ಬಿಟ್ಟಿದ್ವಿ. ಇದನ್ನ ಯಾರೂ ಕರದಿಲ್ಲ. ತಾನಾಗಿ ಬಂದು ನಿಂತೈತಿ. ಇದಕ್ಕಿಂತ ದೊಡ್ಡ ಕಟ್ಟಳಿ ನನಗ ಗೊತ್ತಿಲ್ಲ.” ಮೆಟ್ಟಿಲಿಳಿದು ತಂಬಿಗೆ ತುಂಬಿ ಗಟಗಟ ಕುಡಿದಳು. ಕುಡಿದು ಬಾಯಿ ಒರೆಸಿಕೊಂಡು ಅತ್ತಳು, ಅಳುತ್ತಲೇ 'ಸೀ' ಅಂದಳು. ಆ ಒಂದಕ್ಷರಕ್ಕೆ ಊರು ಕುಣಿಯಿತು ನೋಡಿ! ಕೊಡಗಳು ಒಂದಕ್ಕೊಂದು ತಾಗಿ ಅವತ್ತು ಎಷ್ಟು ಒಡೆದವೋ ಲೆಕ್ಕವಿಲ್ಲ.

ಸದ್ದು ಅಡಗಿದ ಮೇಲೆ ಮುದುಕಿ ಹುಲಿಗೆವ್ವನನ್ನು ಪಕ್ಕಕ್ಕೆ ಕರೆದು ಕೇಳಿದಳು. “ಸುಮ್ನ ಇದ್ದಿದ್ರ ಮನಿ ಸಿಗ್ತಿತ್ತಲ್ಲಬೇ, ಹುಚ್ಚಿ?” ಅದಕ್ಕೆ ಹುಲಿಗೆವ್ವ, “ಮನಿ ಸಿಗ್ತಿತ್ತು ಆಯಿ. ಮಗನ ಹೆಸರು ಹೋಗ್ತಿತ್ತು” ಅಂದಳು.

ಮನೆ ಎದ್ದಿತು. ದುರುಗಪ್ಪ ಗೋಡೆ ಕಟ್ಟಿದ, ಗುಡ್ಡದ ಕಲ್ಲು ಹೊಸ್ತಿಲಾಯಿತು, ಅದಕ್ಕೆ ಬಾಗಿಲಾಯಿತು. ಕತ್ತೆಗೂ ಬೇರೆ ಕೊಟ್ಟಿಗೆಯಾಯಿತು. ಗುಡಿಸಲು ಕಿತ್ತ ದಿನ ಸಣ್ಣಪ್ಪ ಕಾಣೆಯಾದ. ಅವನ ಕುಲವೇ ಹಾಗೆ, ಏರುವವರು ಎಲ್ಲಿಗಾದರೂ ಏರಿ ಹೋಗುತ್ತಾರೆ ಅಂತ ಹುಲಿಗೆವ್ವ ಎಲ್ಲರಿಗೂ ನಗುತ್ತ ಹೇಳಿದಳು. ಒಬ್ಬಳೇ ಇದ್ದಾಗ ಕಿತ್ತಿಟ್ಟ ಹಳೆಯ ಗೂಟದ ಕಡೆ ನೋಡುತ್ತಿದ್ದಳು.

ಊರೂರಿಂದ ಜನ ಬಟ್ಟಲಲ್ಲಿ ಮರಿಗಪ್ಪೆ ಹಿಡಿದು ಅವಳ ಹೊಸ್ತಿಲಿಗೆ ಬರತೊಡಗಿದರು. ಬಾಲ ಚೂರು ಉಳಿದಿದ್ದರೂ ಅವಳು ಬಾಯಿ ಬಿಡುತ್ತಿರಲಿಲ್ಲ. ಪೂರ್ತಿ ಕರಗಿದ ಮೇಲೆ ಬನ್ನಿ ಅಂತ ಕಳಿಸುತ್ತಿದ್ದಳು. ಆಮೇಲೆ ಅಂಗಾತ ಮಾಡಿ ಕಾಲು ನೋಡುವುದು. ತೊಗಲಿದ್ದರೆ ಬಾವಿಗೆ ಬಿಡಿರಿ. ಬಿಲ್ಲೆಯಿದ್ದರೆ ಗಿಡಕ್ಕೆ ಬಿಡಿರಿ. ಹಿಮ್ಮಡಿಯಲ್ಲಿ ಸಲಿಕೆಯಂಥ ಗಟ್ಟಿ ಗಂಟಿದ್ದರೆ ಅದು ನೆಲ ತೋಡಿ ಒಳಗೆ ಮಲಗುವ ಕಪ್ಪೆ. ಅದು ನಮ್ಮ ಮನೆಯವರ ಕುಲ ಅಂತ ಗಂಡನ ಕಡೆ ಕೈ ತೋರಿಸುತ್ತಿದ್ದಳು. ಮೈಯೆಲ್ಲ ಗುಳ್ಳೆ, ಕುಪ್ಪಳಿಸಲು ಸೋಮಾರಿ, ಗತ್ತಿನಲ್ಲಿ ನಡೆದು ಹೋಗುವುದಾದರೆ ಅದು ಗೌಡರ ಕಡೆಯದು. ಸಂಕನಗೌಡನೂ ಕೂತು ನಗುತ್ತಿದ್ದನಂತೆ. ನೂರು ಬಗೆ ಹೇಳುತ್ತಿದ್ದಳು ಅಂತಾರೆ. ನೂರು ಬಗೆ ಆ ಸೀಮೆಯಲ್ಲಿ ಇದ್ದವೆ? ಇರಲಿ ಬಿಡಿ.

ಮರುವರ್ಷ ಮೊದಲ ಮಳೆ ಬಿದ್ದ ಸಂಜೆ, ಹುಲಿಗೆವ್ವ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಗೋಡೆಯ ಮೇಲಿಂದ ಟಕ್ ಟಕ್ ಟಕ್ ಅಂತ ಸದ್ದು ಬಂತು, ಕಲ್ಲಿಗೆ ಉಳಿ ಹಾಕಿದ ಹಾಗೆ. ತಲೆಯೆತ್ತಿದಳು. ಹೆಬ್ಬೆರಳಿಗಿಂತ ದಪ್ಪವಾಗಿ ಬೆಳೆದ ಒಂದು ಕಪ್ಪೆ ಬಾಗಿಲ ಪಕ್ಕದ ಗೋಡೆಗೆ ಅಂಟಿ ಕೂತಿತ್ತು. ಅದು ಸಣ್ಣಪ್ಪನೇ ಅಂತ ಹೇಗೆ ಹೇಳುತ್ತೀ, ಬಿಲ್ಲೆಯ ಕಾಲಿನ ಕಪ್ಪೆ ಊರಲ್ಲಿ ಎಷ್ಟಿಲ್ಲ, ಗೋಡೆ ಏರುವುದು ಅವುಗಳ ಹುಟ್ಟುಗುಣ ಅಂತ ನೀನೇ ಹೇಳಿದ್ದೆಯಲ್ಲ ಅಂತ ದುರುಗಪ್ಪ ಕೇಳಿದ. ಹುಲಿಗೆವ್ವ ಬಹಳ ಹೊತ್ತು ಆ ಕಾಲನ್ನೇ ನೋಡಿ ಹೇಳಿದಳಂತೆ, “ಏರೂ ಕಾಲು ಐತಿ, ಖರೇ. ಊರಾಗ ನಲವತ್ತು ಮನಿ ಗ್ವಾಡಿ ಅದಾವ. ನಮ್ಮ ಗ್ವಾಡೀನ ಯಾಕ ಏರಿದ?”

ದುರುಗಪ್ಪ ಎದ್ದು, ಒಡೆದ ಗಡಿಗೆಯ ಬೋಕಿಯೊಂದನ್ನು ಬಾವಿಯ ನೀರಲ್ಲಿ ಒದ್ದೆ ಮಾಡಿ ತಂದು ಆ ಗೋಡೆಯ ಪಕ್ಕ ಇಟ್ಟ.

ಎರೆಗುಂಡಿಯಲ್ಲಿ ಇವತ್ತಿಗೂ ಹೊಸ ಬಾವಿಗೆ ಯಾರೂ ಕಪ್ಪೆ ಬಿಡುವುದಿಲ್ಲ. ಮೆಟ್ಟಿಲು ಕಟ್ಟಿ, ತಾನಾಗಿ ಬರುವುದನ್ನು ಕಾಯುತ್ತಾರೆ. ದನ ಕುಡಿಯುವ ಕಲ್ಲುಬಾನಿಯಿರಲಿ, ಹಿತ್ತಲ ತೊಟ್ಟಿಯಿರಲಿ, ಒಳಗೊಂದು ಚಪ್ಪಟೆ ಕಲ್ಲನ್ನು ಇಳಿಜಾರಾಗಿ ಇಟ್ಟಿರುತ್ತಾರೆ, ಬಾಲ ಕರಗುತ್ತಿರುವ ಮರಿಗೆ ಕಾಲೂರಲು ಜಾಗ ಬೇಕಲ್ಲ. ಅದಕ್ಕೆ ಹುಲಿಗೆವ್ವನ ಕಲ್ಲು ಅಂತಲೇ ಹೆಸರು. ಮತ್ತೆ ಯಾರೇ ಮನೆ ಕಟ್ಟಲಿ, ಬಾಗಿಲ ಪಕ್ಕದ ಗೋಡೆಯಲ್ಲಿ ಅಂಗೈಯಗಲ ಒಂದು ಗೂಡು ಬಿಟ್ಟು ಅದರಲ್ಲಿ ಒಂದು ಒದ್ದೆ ಬೋಕಿ ಇಡುತ್ತಾರೆ. ಗೃಹಪ್ರವೇಶದ ದಿನ ಮನೆಯ ಹಿರಿಯಳು ದುರುಗಪ್ಪ ತೋಡಿದ ಆ ಬಾವಿಯ ನೀರನ್ನು ಬೋಕಿಗೆ ಹನಿಸಿ, ಗೋಡೆಯ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ, “ಊರಾಗ ಇಷ್ಟು ಗ್ವಾಡಿ ಅದಾವ, ನಮ್ಮ ಗ್ವಾಡೀನ ಯಾಕ ಏರಿದಿ?” ಅಂತ ಕೇಳುತ್ತಾಳೆ. ಆಮೇಲೆಯೇ ಹೊಸ್ತಿಲು ದಾಟಿ ಒಳಗೆ ಹೋಗುವುದು.